ಮೂರನೇ ಕೂಗು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವವನಿಗೆ ವಕೀಲರೆಲ್ಲ ಸೇರಿ ಇಟ್ಟಿದ್ದ ಅಡ್ಡಹೆಸರು ಕಂಚುಗಂಟಲು. ಒಂದೊಂದು ಹೆಸರನ್ನೂ ಮೂರು ಸಲ ಕೂಗಬೇಕು, ಮೂರಕ್ಕೂ ಓಗೊಡದವರು ಗೈರು. ಕೆಲಸ ಇಷ್ಟೇ. ಆದರೆ ಅವನ ಠೀವಿ ನೋಡಬೇಕಿತ್ತು, ಹಿರಿಯ ನಗರ ಮ್ಯಾಜಿಸ್ಟ್ರೇಟರ ಅರ್ಧ ಅಧಿಕಾರ ತನ್ನ ಗಂಟಲಲ್ಲೇ ಇದೆ ಅನ್ನೋ ಹಾಗೆ!

ಕಾರ್ಖಾನೆ ಗೇಟಿನ ಮುಂದೆ ಹೊಡೆದಾಟವಾಗಿ ಅವನ ಅಳಿಯ ಜೈಲು ಸೇರಿದಾಗ ಈ ಠೀವಿಯೇ ಮುಳುವಾಯಿತು. ಹಳೆ ಸಾಹೇಬರು ನಿವೃತ್ತರಾಗಿ ಕುರ್ಚಿ ಖಾಲಿಯಿತ್ತು. ಜಾಮೀನಿನ ಅರ್ಜಿಗಳನ್ನು ಪಕ್ಕದ ಕಟ್ಟಡದ ಪ್ರಭಾರ ಮ್ಯಾಜಿಸ್ಟ್ರೇಟರು ನೋಡುತ್ತಿದ್ದರು.

"ಅರ್ಜಿ ಅಲ್ಲೇ ಹಾಕೋಣಪ್ಪಾ, ಜೈಲಲ್ಲಿ ನಮ್ಮನೆಯವರಿಗೆ ಉಬ್ಬಸ ಜಾಸ್ತಿಯಾಗಿದೆ," ಎಂದಳು ಮಗಳು.

"ಆ ಮನುಷ್ಯ ಸಿಡುಕ, ತಳ್ಳಿಹಾಕಿಬಿಡ್ತಾನೆ. ನಮ್ಮ ಹೊಸ ಸಾಹೇಬರ ನೇಮಕ ಆಗಿದೆ, ಸೋಮವಾರ ಬರ್ತಾರೆ. ನಾನಿದೀನಲ್ಲ, ಸುಮ್ನಿರು."

ಸೋಮವಾರ ಸಾಹೇಬರು ಬಂದರು ನಿಜ. ಕೋಣೆಯಲ್ಲಿ ಪುಸ್ತಕ ಜೋಡಿಸಿಕೊಂಡು ಕೂತರು, ಪೀಠ ಮಾತ್ರ ಏರಲಿಲ್ಲ. ಮೇಲಿನ ಕೋರ್ಟು ನೇಮಿಸಿದ ಮಾತ್ರಕ್ಕೆ ಆಗಲಿಲ್ಲ. ಈ ನಗರದಲ್ಲಿ ಇಂಥಿಂಥ ಅಧಿಕಾರ ಚಲಾಯಿಸಬಹುದು ಅನ್ನೋ ಆದೇಶ ಬೇರೆ ಬರಬೇಕು. ಅದು ಯಾರದೋ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು. ವಾರ ಕಳೆದ ಮೇಲೆ ಕಂಚುಗಂಟಲು ನಾಚಿಕೆ ಬಿಟ್ಟು ಕೋಣೆಗೆ ಹೋಗಿ ಕೈಮುಗಿದ.

"ಈಗ ನಾನು ಸಹಿ ಹಾಕಿದ್ರೆ ಜೈಲಿನವರು ಒಪ್ಪಲ್ಲ," ಎಂದರು ಸಾಹೇಬರು ತಲೆ ತಗ್ಗಿಸಿ. "ಪ್ರಭಾರದವರ ಹತ್ರ ಆಗಲೇ ಯಾಕೆ ಹೋಗಲಿಲ್ಲ?"

ಪಕ್ಕದ ಕಟ್ಟಡಕ್ಕೆ ಓಡಿದ. ಹೊಸಬರು ಬಂದಾಯಿತಲ್ಲ, ಪ್ರಭಾರ ಮುಗಿಯಿತು ಎಂದು ಅಲ್ಲಿಯವರು ಕೈತೊಳೆದುಕೊಂಡಿದ್ದರು. ಒಂದು ಊರಿಗೆ ಇಬ್ಬರು ಮ್ಯಾಜಿಸ್ಟ್ರೇಟರು, ಜಾಮೀನು ಕೊಡಲು ಒಬ್ಬರೂ ಇಲ್ಲ.

ಗುರುವಾರ ಆದೇಶ ಬಂತು. ಶುಕ್ರವಾರ ಬೆಳಿಗ್ಗೆ ಗುಮಾಸ್ತರ ಕೈಕಾಲು ಹಿಡಿದು ಅಳಿಯನ ಅರ್ಜಿಯನ್ನೇ ಮೊದಲಿಗೆ ಇಡಿಸಿದ. ಪೊಲೀಸರು ಕೈದಿಗಳನ್ನು ಕರೆತರುವ ಮೆಟ್ಟಿಲ ಕಡೆ ತಿರುಗಿ, ಇದ್ದಬದ್ದ ಉಸಿರೆಲ್ಲ ಹಾಕಿ ಹೆಸರು ಕೂಗಿದ. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಮೆಟ್ಟಿಲು ಹತ್ತಿ ಬಂದವಳು ಮಗಳು. ಅವಳ ಕೈಯಲ್ಲಿ ಗಂಡನ ಅಂಗಿಯಿತ್ತು.

"ಕೂಗಬೇಡಪ್ಪಾ. ಜೈಲಿನ ಆಸ್ಪತ್ರೆಯಿಂದಲೇ ಬರ್ತಿದೀನಿ. ಬೆಳಗಿನ ಜಾವ ಉಸಿರು ನಿಂತುಹೋಯ್ತಂತೆ."

ಅವಳು ಅಳುತ್ತಿರಲಿಲ್ಲ.

"ಇನ್ನೊಂದು ಸಲ ಕೂಗಯ್ಯಾ, ಸಾಹೇಬರು ಕಾಯ್ತಿದ್ದಾರೆ!" ಎಂದರು ಗುಮಾಸ್ತರು ಒಳಗಿನಿಂದ.

ಬಾಯಿ ತೆರೆದ. ದನಿ ಹೊರಡಲಿಲ್ಲ.

"ನಾನಿದೀನಲ್ಲ ಅಂದಿದ್ಯಲ್ಲಪ್ಪಾ," ಎಂದಳು ಮಗಳು.