ನೀರು ಕುಡಿದ ಇಟ್ಟಿಗೆ

ನಮ್ಮ ಅತ್ತೆ ಗಣಿತದ ಟೀಚರ್. ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಹಾಲಿನ ಪಾತ್ರೆ ಹುಡುಕಿ ಹುಡುಕಿ ಸುಸ್ತಾದೆ. ಅದು ಶಾಲೆಗೆ ಹೋಗಿತ್ತು. ಏಳನೇ ತರಗತಿಗೆ ಘನಫಲದ ಪಾಠ ಶುರುವಾಯಿತೆಂದರೆ ನಮ್ಮ ಅಡುಗೆಮನೆ ಖಾಲಿ. ಲೋಟ, ಡಬ್ಬಿ, ಜಗ್ಗು, ಕೊನೆಗೆ ಮಾವನವರು ಗಡ್ಡ ಹೆರೆಯುವ ಮಗ್ಗು ಕೂಡ ಅವರ ಚೀಲ ಸೇರುತ್ತದೆ.

"ಉದ್ದ, ಅಗಲ, ಎತ್ತರ ಗುಣಿಸೋದು ಗಿಳಿಗೂ ಬರುತ್ತೆ ಕಣೇ. ಕೈ ಒದ್ದೆ ಆಗದೆ ಘನಫಲ ತಲೆಗೆ ಹೋಗಲ್ಲ" ಅನ್ನುತ್ತಾರೆ. ಹಾಳಾಗಿ ಹೋಗಲಿ ಎಂದು ನಾನು ಬಟ್ಟಲಲ್ಲಿ ಚಹಾ ಕುಡಿದ ದಿನಗಳುಂಟು. ಮಕ್ಕಳು ಅವರಿಗೆ ಲೀಟರ್ ಟೀಚರ್ ಎಂದು ಹೆಸರಿಟ್ಟಿದ್ದಾರೆ. ಅತ್ತೆ ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಒಳಗೊಳಗೇ ಖುಷಿ.

ವರ್ಷದ ಕೊನೆಗೆ ಹತ್ತು ಅಂಕದ ಒಂದು ಪರೀಕ್ಷೆ ಅವರದೇ. ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಒಂದು ತುಂಡನ್ನು ಮುಳುಗಿಸಬೇಕು, ತಟ್ಟೆಗೆ ಚೆಲ್ಲಿದ ನೀರನ್ನು ಜಾಡಿಗೆ ಸುರಿದು ಅಳೆಯಬೇಕು. ಎಷ್ಟು ಮಿಲಿಲೀಟರ್ ಚೆಲ್ಲಿತೋ ಅಷ್ಟೇ ಘನ ಸೆಂಟಿಮೀಟರ್ ಆ ತುಂಡಿನ ಘನಫಲ. ಒಂದು ವರ್ಷ ಹಳೆಯ ಕಬ್ಬಿಣದ ತುಂಡು ಕಳೆದುಹೋಗಿತ್ತು. ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಒಂದು ಇಟ್ಟಿಗೆ ಚೂರನ್ನು ಐದು, ನಾಲ್ಕು, ಮೂರು ಸೆಂಟಿಮೀಟರಿಗೆ ಸರಿಯಾಗಿ ಕತ್ತರಿಸಿ ತಂದುಕೊಟ್ಟವಳು ನಾನೇ. ಲೆಕ್ಕಕ್ಕೆ ಅರವತ್ತು.

ಶುಕ್ರವಾರ ಪರೀಕ್ಷೆ ಮುಗಿಸಿ ಬಂದ ಅತ್ತೆ ಚಹಾ ಕುಡಿಯುತ್ತಾ ನಗುತ್ತಿದ್ದರು. ಹಾಜರಿಯಲ್ಲಿ ಒಂದನೇ ನಂಬರಿನ ಹುಡುಗಿ, ಓದಿನಲ್ಲಿ ಕೊನೆಯವಳು, ಎಲ್ಲರಿಗಿಂತ ಮೊದಲು ಬಂದು ಅಳೆದು ನಲವತ್ತೆಂಟು ಎಂದಳಂತೆ. ಉಳಿದವರಿಗೆಲ್ಲ ಐವತ್ತೊಂಬತ್ತು, ಅರವತ್ತು.

"ಯಾಕೆ ಕಮ್ಮಿ ಬಂತು ಅಂತ ಕೇಳಿದ್ರೆ, ಇಟ್ಟಿಗೆ ಕುಡೀತು ಟೀಚರ್ ಅಂತಾಳೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದೆ. ಇಡೀ ಕ್ಲಾಸು ನಕ್ಕಿತು. ಸೊನ್ನೆ ಕೊಟ್ಟೆ. ಬರೆಯೋ ಪರೀಕ್ಷೇಲಿ ಇಪ್ಪತ್ತೊಂಬತ್ತೇ ಬಂದಿದೆ, ಪಾಸಾಗೋಕೆ ಇನ್ನೂ ಆರು ಬೇಕಿತ್ತು. ಪಾಪ, ಅದೇ ಕ್ಲಾಸಲ್ಲಿ ಕೂರಬೇಕು ಇನ್ನೊಂದು ವರ್ಷ."

ನಾನು ನಗಲಿಲ್ಲ. "ಇಟ್ಟಿಗೆ ಕುಡಿಯುತ್ತಲ್ಲ ಅತ್ತೆ? ನಾನು ಹೋದಾಗ ಗಾರೆ ಕೆಲಸದವರು ಕಟ್ಟೋಕೆ ಮುಂಚೆ ಇಟ್ಟಿಗೆಗಳನ್ನ ತೊಟ್ಟಿಯಲ್ಲಿ ನೆನೆಹಾಕಿದ್ರು. ಒಣ ಇಟ್ಟಿಗೆ ನೀರೆಲ್ಲ ಹೀರಿಬಿಡುತ್ತೆ ಅಂದ್ರು."

ಅತ್ತೆಯ ಲೋಟ ಅರ್ಧಕ್ಕೇ ನಿಂತಿತು. ಶನಿವಾರವಿಡೀ ಇಟ್ಟಿಗೆ ಮಹಡಿಯ ಬಿಸಿಲಲ್ಲಿ ಒಣಗಿತು. ಭಾನುವಾರ ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಅವರೇ ಅಳೆದರು. ನಲವತ್ತೆಂಟು. ಅದೇ ಒದ್ದೆ ಇಟ್ಟಿಗೆಯನ್ನು ಮತ್ತೆ ಮುಳುಗಿಸಿದರು. ಐವತ್ತೊಂಬತ್ತು. ಆ ಹುಡುಗಿಗೆ ಸಿಕ್ಕಿದ್ದು ಒಣ ಇಟ್ಟಿಗೆ, ಉಳಿದವರಿಗೆಲ್ಲ ಅವಳು ನೆನೆಸಿಕೊಟ್ಟದ್ದು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆನಲ್ಲೇ" ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಅವರು ಅಷ್ಟು ಕುಗ್ಗಿದ್ದನ್ನು ನಾನೆಂದೂ ನೋಡಿರಲಿಲ್ಲ. ಸಂಕಟವಾಯಿತು.

ಇಟ್ಟಿಗೆಯನ್ನು ಮತ್ತೆ ಒಣಗಿಸಿ ಸೋಮವಾರ ಇಬ್ಬರೂ ಶಾಲೆಗೆ ಹೋದೆವು. ಅವರಿಗೆ ಮಂಡಿ ನೋವು, ಹಾಗಾಗಿ ಜಾಡಿ, ಪಾತ್ರೆ ಹೊರುವ ಕೂಲಿ ನಾನು. ಹೆಡ್‌ಮಾಸ್ಟರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ.

"ಮೂವತ್ತೊಂದು ವರ್ಷದಲ್ಲಿ ನಿಮ್ಮ ಅಂಕಪಟ್ಟೀಲಿ ಒಂದು ತಿದ್ದುಪಡಿ ಇಲ್ಲ ಮೇಡಂ. ಈಗ ಯಾಕೆ? ಆರು ಕೃಪಾಂಕ ಹಾಕಿ, ಪಾಸಾಗ್ತಾಳೆ, ಮುಗೀತು."

"ಕೃಪೆ ಮಾಡೋಕೆ ಅವಳೇನು ತಪ್ಪು ಮಾಡಿದ್ದಾಳೆ ಸಾರ್? ಅದು ಅವಳ ಅಂಕ."

ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಎಲ್ಲರ ಎದುರು ಇನ್ನೊಂದು ಸಲ ಅಳೆಸಿ. ಸರಿ ಬಂದ್ರೆ ತಿದ್ದಿ."

ತರಗತಿಯಲ್ಲಿ ಹುಡುಗಿ ಎದ್ದು ನಿಂತಳು. ಎರಡು ಜಡೆ, ಒಂದಕ್ಕೆ ಟೇಪಿಲ್ಲ. ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತಿದ್ದರು.

"ಅವತ್ತು ನಿನಗೆ ಎಷ್ಟು ಬಂತಮ್ಮಾ?" ಅತ್ತೆ ಕೇಳಿದರು.

ಅವಳು ಸುತ್ತ ನೋಡಿದಳು. "ಅರವತ್ತು ಟೀಚರ್."

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಅತ್ತೆಯ ಮುಖ ಬಿಳಿಚಿಕೊಂಡಿತು. ಸೊನ್ನೆಗಿಂತ ದೊಡ್ಡ ತಪ್ಪು ಅವರಿಗೆ ಆಗ ಕಂಡಿರಬೇಕು. ಒಂದೇ ನಗೆಯಲ್ಲಿ ಆ ಮಗುವಿಗೆ ಸುಳ್ಳು ಕಲಿಸಿದ್ದರು.

ಅತ್ತೆ ಮಕ್ಕಳ ಕಡೆ ತಿರುಗಿದರು. "ಅವತ್ತು ಇವಳು ಹೇಳಿದ್ದು ನಲವತ್ತೆಂಟು. ನಿನ್ನೆ ಮನೇಲಿ ಒಣ ಇಟ್ಟಿಗೆ ಹಾಕಿ ನೋಡಿದೆ, ನನಗೂ ನಲವತ್ತೆಂಟೇ ಬಂತು. ಇಟ್ಟಿಗೆ ನೀರು ಕುಡಿಯುತ್ತೆ. ಇವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ದೇ ನಕ್ಕೆ, ನಿಮ್ಮನ್ನೂ ನಗಿಸಿದೆ. ತಪ್ಪು ನನ್ನದು."

ಅತ್ತೆ ಇಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು. ಅವಳು ದಾರ ಕಟ್ಟಿ ನಿಧಾನವಾಗಿ ಇಳಿಸಿದಳು. ಇಟ್ಟಿಗೆಯಿಂದ ಗುಳುಗುಳು ಗುಳ್ಳೆ ಎದ್ದವು. ತಟ್ಟೆಯ ನೀರನ್ನು ಒಂದು ಹನಿಯೂ ಬಿಡದೆ ಜಾಡಿಗೆ ಸುರಿದಳು. ಬಗ್ಗಿ ನೋಡಿದಳು. ಆಮೇಲೆ ತಲೆಯೆತ್ತಿ ಅತ್ತೆಯನ್ನು ನೋಡಿದಳು.

"ನನ್ನ ಮುಖದಲ್ಲಿ ಗೀಟಿಲ್ಲ ಕಣಮ್ಮಾ. ಜಾಡಿ ನೋಡಿ ಹೇಳು."

ಮತ್ತೆ ಬಗ್ಗಿದಳು. ತುಂಬ ಹೊತ್ತು ನೋಡಿದಳು.

"ನೀವು ನಲವತ್ತೆಂಟು ಅಂದ್ರಿ ಟೀಚರ್" ಎಂದಳು, ಈ ಸಲ ಗಟ್ಟಿಯಾಗಿ. "ಇಲ್ಲಿ ನಲವತ್ತೊಂಬತ್ತಿದೆ."

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಟ್ಟಿ ತೆರೆದು, ಸೊನ್ನೆಯನ್ನು ಹೊಡೆದುಹಾಕಿ, ಹತ್ತು ಎಂದು ಬರೆದು ಸಹಿ ಹಾಕಿದರು.