ಕಾವಲಿನ ಹೋರಿಗೆ ಕೊನೆಯ ದರ್ಜೆ

ಹಳೆಯ ಚಿತ್ರಕಥೆ ಪುಸ್ತಕ ತಂದವರೆಲ್ಲ ನನ್ನೆದುರು ಆಡುವ ಮೊದಲ ಮಾತು ಒಂದೇ: "ನಮ್ಮನೇಲಿ ಹೂವಿನಂಗೆ ಇಟ್ಟಿದ್ವಿ ಕಣ್ರೀ." ನಾನು ತಲೆಯಾಡಿಸುತ್ತೇನೆ, ನಂಬುವುದಿಲ್ಲ. ಹೂವಿನ ಹಾಗೆ ಇಟ್ಟದ್ದೋ, ಅಕ್ಕಿ ಡಬ್ಬದ ಅಡಿಗೆ ಕೊಟ್ಟು ಇಟ್ಟದ್ದೋ, ಪುಸ್ತಕದ ಬೆನ್ನು ನೋಡಿದರೆ ಗೊತ್ತಾಗುತ್ತದೆ.

ಕಡೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಬೆಳಗಿನಿಂದ ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡುಗಳ ಗಲಾಟೆ. ತಾಲ್ಲೂಕು ಕಚೇರಿಯವರು ಊಟಕ್ಕೆ ಎದ್ದ ಮೇಲೆ ರಸ್ತೆ ಸ್ವಲ್ಪ ತಣ್ಣಗಾಗುತ್ತದೆ. ಆಗ ಮೇಜು ಒರೆಸಿ, ಕೈ ತೊಳೆದು, ಒದ್ದೆ ಪೂರ್ತಿ ಆರಿದ ಮೇಲೆ ಚಿತ್ರಕಥೆಗಳನ್ನು ಬಿಚ್ಚುತ್ತೇನೆ. ಚಿಕ್ಕಂದಿನಿಂದ ಕೂಡಿಟ್ಟ ಹುಚ್ಚು ಇದು. ಮದುವೆಯಾದರೂ ಬಿಡಲಿಲ್ಲ, ಮಕ್ಕಳಾದರೂ ಬಿಡಲಿಲ್ಲ. ಈಗ ದೂರದೂರದ ಸಂಗ್ರಹಕಾರರು ಕೊರಿಯರ್‌ನಲ್ಲಿ ಪುಸ್ತಕ ಕಳಿಸಿ, "ನೀವು ಒಂದು ದರ್ಜೆ ಹೇಳಿಬಿಡಿ" ಅನ್ನುತ್ತಾರೆ. ನಾನು ಹೇಳಿದ ಮೇಲೆ ಯಾರೂ ಚೌಕಾಶಿ ಮಾಡುವುದಿಲ್ಲ. ಮಾಡಿದವರ ಪುಸ್ತಕವನ್ನು ಮತ್ತೆ ಮುಟ್ಟುವುದಿಲ್ಲ.

ನೋಡುವುದು ಹೀಗೆ. ಮೊದಲು ಬೆನ್ನು, ಆಮೇಲೆ ಪಿನ್ನು. ಪಿನ್ನು ತುಕ್ಕು ಹಿಡಿದು ಸುತ್ತ ಕಂದು ಉಂಗುರ ಬಿದ್ದಿದ್ದರೆ ಆ ಮನೆ ಸೋರುತ್ತಿತ್ತು ಅಂತ ಲೆಕ್ಕ. ನಡುವಿನ ಹಾಳೆ ಇದೆಯಾ, ಚುಕ್ಕಿ ಸೇರಿಸುವ ಆಟವನ್ನು ಯಾರಾದರೂ ಪೆನ್ನಲ್ಲಿ ಆಡಿದ್ದಾರಾ, ಆಯುಧಪೂಜೆಯ ದಿನ ಯಾವ ಪುಣ್ಯಾತ್ಮರು ನಾಯಕನ ಹಣೆಗೆ ನಿಜವಾದ ಕುಂಕುಮ ಇಟ್ಟಿದ್ದಾರೆ, ಎಲ್ಲ ನೋಡುತ್ತೇನೆ. ಕೊನೆಗೆ ಮೂಸುತ್ತೇನೆ. ಬೂಸ್ಟು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಕ್ಕುತ್ತದೆ. ಮೂಸುವುದನ್ನು ನೋಡಿ ಪಕ್ಕದ ಬೇಕರಿಯವನು ನಗುತ್ತಾನೆ, ನಗಲಿ.

ಹೋದ ವರ್ಷ ಶಿವಮೊಗ್ಗದಲ್ಲಿ ನಾಲ್ಕಾರು ಸಂಗ್ರಹಕಾರರು ಸೇರಿ ಹಳೆಯ ಕನ್ನಡ ಚಿತ್ರಕಥೆಗಳ ಪ್ರದರ್ಶನ ಇಟ್ಟರು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಪುಸ್ತಕಗಳನ್ನು ನೋಡಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಪುಸ್ತಕದ ಕೆಳಗೆ ಚಿತ್ರ ಬರೆದವರ ಹೆಸರು, ಪುಸ್ತಕದ ದರ್ಜೆ ಇರುವ ಚೀಟಿ. ಹಳತಾಗಿರಬಹುದು, ಸವೆದಿರಬಹುದು, ಆದರೆ ಈಚೆಗೆ ಕೈಯಾಡಿಸಿ ರೂಪ ಕೆಡಿಸಿದ ಪುಸ್ತಕ ಬೇಡ ಎಂಬುದು ಷರತ್ತು. ಷರತ್ತು ಹಾಕಿಸಿದವಳು ನಾನೇ.

ಆಗ ಅಜ್ಜಂಪುರದಿಂದ ಒಬ್ಬ ಮೇಡಂ ಬಂದರು. ಅಲ್ಲಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ, ಬೆನ್ನು ಮಾತ್ರ ಸ್ಕೇಲಿನ ಹಾಗೆ ನೇರ. ಹರೆಯದಲ್ಲಿ ಒಂದೇ ಒಂದು ಚಿತ್ರಕಥೆ ಪುಸ್ತಕ ಬರೆದಿದ್ದರಂತೆ. ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿನಲ್ಲಿ ಹಿಂಡು ತಪ್ಪಿಸಿಕೊಂಡ ಅಮೃತಮಹಲ್ ಹೋರಿಯ ಕಥೆ. ಅವರ ಹತ್ತಿರ ಉಳಿದದ್ದು ಒಂದೇ ಪ್ರತಿ. ಚೀಲದಿಂದ ಅದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಪಿನ್ನು ತೆಗೆಸಿ, ಒಂದೊಂದು ಹಾಳೆಯನ್ನೂ ಲ್ಯಾಮಿನೇಶನ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿದ್ದರು.

ನಮ್ಮ ಕಡೆ ಬೆಲೆಬಾಳುವ ಕಾಗದಕ್ಕೆ ಮಾಡುವ ಮರ್ಯಾದೆಯೇ ಅದು. ಜಾತಕ, ಪಹಣಿ, ಸತ್ತ ಅಜ್ಜನ ಫೋಟೋ, ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸಿದರೇ ಸಮಾಧಾನ. ಅದರಿಂದಲೇ ನನ್ನ ಅಂಗಡಿಯ ಕರೆಂಟ್ ಬಿಲ್ ಕಟ್ಟುವುದು, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಆದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ಕು ಕಾಗದದೊಳಕ್ಕೇ ಇಳಿದುಬಿಡುತ್ತದೆ. ಬಿಡಿಸಲು ಹೋದರೆ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ.

"ಹೆಂಗಿದೆ? ನೀನು ನೋಡ್ತೀಯ ಅಂತ ಮೊನ್ನೆ ಮಾಡಿಸ್ದೆ. ಇನ್ನು ಒಂದು ಚೂರು ಧೂಳು ಕೂರಲ್ಲ," ಅಂದರು.

"ಮೇಡಂ, ಇದಕ್ಕೆ ದರ್ಜೆ ಕೊಡಕ್ಕಾಗಲ್ಲ."

"ಯಾಕಮ್ಮ? ಹರಿದಿದ್ಯಾ?"

"ಹರಿದಿಲ್ಲ. ಪುಸ್ತಕ ಹೋಗಿ ಪ್ಲಾಸ್ಟಿಕ್ಕಾಗಿದೆ. ಪ್ರದರ್ಶನಕ್ಕೆ ತಗೊಳಲ್ಲ."

ನನ್ನ ನಾಲಗೆ ಯಾವತ್ತೂ ಹೀಗೆಯೇ, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಅವರು ಕುರ್ಚಿಯ ತುದಿಯಲ್ಲಿ ಕುಳಿತು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ತಾವೇ ಹೇಳಿದರು. ಪುಸ್ತಕ ಅಚ್ಚಾಗಿ ಎರಡು ವರ್ಷಕ್ಕೆ ಪ್ರಕಾಶಕರು, "ನಿಮ್ಮ ಹೋರಿ ಯಾರಿಗೂ ಬೇಡ್ವಂತೆ, ಕಟ್ಟು ಕಟ್ಟು ಹಾಗೇ ಕೂತಿದೆ" ಅಂದರಂತೆ. ಎರಡನೆಯ ಕಥೆಗೆ ಬರೆದಿದ್ದ ಚಿತ್ರಗಳನ್ನು ಇವರು ಬಚ್ಚಲ ಒಲೆಗೆ ಹಾಕಿದರು. ಆಮೇಲೆ ಬರೆದದ್ದೆಲ್ಲ ಕಪ್ಪು ಹಲಗೆಯ ಮೇಲೆ, ಸಂಜೆಗೆ ಒರೆಸುವುದಕ್ಕೆ.

"ಯಾರೂ ನೋಡದೇ ಹೋಯ್ತು. ಒಂದ್ಸಲ ನಾಕು ಜನ ನೋಡ್ಲಿ ಅಂತಿತ್ತು ಕಣಮ್ಮ, ಅಷ್ಟೇ," ಅಂದರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ನನಗೆ ಕೆಲಸ ಹತ್ತಲಿಲ್ಲ. ಷರತ್ತು ಸಡಿಲಿಸುವ ಯೋಚನೆ ಬರಲಿಲ್ಲ. ಅದು ನನ್ನ ಜಾಯಮಾನವಲ್ಲ. ಆದರೆ ಪ್ರಕಾಶಕರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಆ ಕಾಲದಲ್ಲಿ ಚಿತ್ರಕಥೆಯನ್ನು ಕೊಂಡು ಓದಿದವರು ಎಷ್ಟು ಮಂದಿ? ನಾವೆಲ್ಲ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಲ್ಲೇ ಓದಿದವರು. ಅಂಗಡಿಯವನು ಕೊಳ್ಳುತ್ತಿದ್ದದ್ದು ಒಂದು ಪ್ರತಿ, ಓದುತ್ತಿದ್ದದ್ದು ಇಡೀ ಊರು. ಒಂದು ಪ್ರತಿ ಎಲ್ಲಾದರೂ ಇದ್ದೇ ಇರಬೇಕು ಅನ್ನಿಸಿತು.

ಭಾನುವಾರ ತರೀಕೆರೆಗೆ ಹೋದೆ. ಅಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದವರ ಮಗ ಈಗ ಅದೇ ಜಾಗದಲ್ಲಿ ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗಳಿಗೆ ಟೋಪಿ, ಕೂಲಿಂಗ್ ಗ್ಲಾಸು ಮಾರುತ್ತಾನೆ. ಅಟ್ಟದ ಮೇಲಿನ ಮೂಟೆಗಳನ್ನು ನಾನು ಬಲ್ಲೆ. "ಹುಡುಕ್ಕೊಳಕ್ಕ, ಇಲಿ ಕಾಟ ಆದ್ರೂ ತಪ್ಪಲಿ," ಅಂತ ಏಣಿ ಕೊಟ್ಟ.

ಅವರಪ್ಪ ತೆಳ್ಳನೆಯ ಪುಸ್ತಕಗಳನ್ನು ನಾಲ್ಕು ನಾಲ್ಕಾಗಿ ಸೇರಿಸಿ, ಮೇಲೆ ಕೆಳಗೆ ರಟ್ಟು ಕೊಟ್ಟು, ಗೋಣಿ ದಾರದಲ್ಲಿ ಹೊಲಿದಿಡುತ್ತಿದ್ದರು. ಮೂಗು ಮುಚ್ಚಿಕೊಂಡು ಒಂದೊಂದೇ ಕಟ್ಟು ತಿರುವಿದೆ. ಊಟದ ಹೊತ್ತು ಮೀರಿತ್ತು. ಒಂದು ಕಟ್ಟಿನಲ್ಲಿ ಮೂರನೆಯದಾಗಿ ಆ ಹೋರಿ ನಿಂತಿತ್ತು, ಕೊಂಬು ಹಿಂದಕ್ಕೆ ಚಾಚಿ, ಮೂಗು ಮೇಲೆತ್ತಿ. ಏಣಿಯ ಮೇಲೆ ನಿಂತೇ ಕೂಗಿಬಿಟ್ಟೆ. ಕೆಳಗೆ ಕನ್ನಡಕ ಆರಿಸುತ್ತಿದ್ದ ಗಿರಾಕಿ ಬೆಚ್ಚಿಬಿದ್ದ.

ಅಲ್ಲಿಂದ ಸೀದಾ ಅಜ್ಜಂಪುರದ ಅವರ ಮನೆಗೆ ಹೋದೆ. ಅವರು ಕಟ್ಟು ತೆರೆದು ನೋಡಿ ಮುಖ ಕಿವುಚಿದರು.

"ಥೂ, ಎಮ್ಮೆ ಮೇಯ್ದಂಗಿದೆಯಲ್ಲೇ! ಇದಕ್ಕೇನು ದರ್ಜೆ ಕೊಡ್ತೀಯ?"

"ಕೊನೇದು. ಆದ್ರೆ ಪ್ರದರ್ಶನಕ್ಕೆ ಆಗುತ್ತೆ. ಹೊಲಿಗೆ ಬಾಡಿಗೆ ಅಂಗಡಿ ಕಾಲದ್ದೇ, ಈಚೆಗೆ ಯಾರೂ ಕೈಯಾಡಿಸಿಲ್ಲ, ಪುಟ ಎಲ್ಲ ಇದೆ."

"ನನ್ನ ಹೆಸರಿನ ಕೆಳಗೆ ಕೊನೇ ದರ್ಜೆ ಅಂತ ಚೀಟಿ ಹಾಕ್ತೀರಾ? ಬ್ಯಾಡ ಬಿಡು. ಯಾರೂ ನೋಡ್ಲಿಲ್ಲ ಅನ್ನೋದೇ ವಾಸಿ."

ಇಲ್ಲಿ ನನಗೆ ಸಿಟ್ಟು ಬಂತು. ದರ್ಜೆ ಅಂದರೆ ಬೈಗುಳ ಅಂದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರ ಪಕ್ಕದಲ್ಲಿ ಕುಳಿತು, ಕಟ್ಟಿನ ನಾಲ್ಕೂ ಪುಸ್ತಕಗಳ ಅಂಚನ್ನು ಒಟ್ಟಿಗೆ ಹಿಡಿದು ತೋರಿಸಿದೆ. ಒಂದೇ ಅಂಗಡಿ, ಒಂದೇ ಹೊಲಿಗೆ, ಒಂದೇ ಧೂಳು. ಉಳಿದ ಮೂರರ ಮೂಲೆಗಳು ಇನ್ನೂ ಮೂಲೆಯಾಗಿಯೇ ಇದ್ದವು. ಇವರ ಪುಸ್ತಕದ ಮೂಲೆ ಹೆಬ್ಬೆರಳಿಗೆ ಸವೆದು ಗುಂಡಗಾಗಿ ಕಪ್ಪಿಟ್ಟಿತ್ತು.

"ಕಟ್ಟು ತಗೊಂಡೋದೋರು ಯಾವ್ದು ಓದಿದಾರೆ ನೋಡಿ ಮೇಡಂ," ಅಂದೆ.

ನಡುವಿನ ಪುಟ ಬಿಡಿಸಿದೆ. ಪುಟದ ತುಂಬ ಹೋರಿ, ಅದರ ಮೈಮೇಲೆಲ್ಲ ಎಣ್ಣೆ ಇಳಿದು ಕಾಗದ ಮಸುಕು ಗಾಜಿನಂತಾಗಿತ್ತು. ಬೇರೆ ಯಾವ ಪುಟದಲ್ಲೂ ಎಣ್ಣೆಯಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕೊಂಬಿನ ಗೆರೆಯುದ್ದಕ್ಕೂ ಪೆನ್ಸಿಲ್ ಮೊನೆ ಒತ್ತಿದ ಗೀರುಗಳು, ಒಂದರ ಪಕ್ಕ ಒಂದು. ಕೆಲವು ನೇರ, ಕೆಲವು ಜಾರಿದವು, ಒಂದಂತೂ ಕಾಗದವನ್ನೇ ತೂತು ಮಾಡಿತ್ತು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಕುಂದು ಇಲ್ಲ.

ನಾನು ವಿವರಿಸಬೇಕಾಗಲಿಲ್ಲ. ಅವರು ಬೆರಳಿನ ತುದಿಯನ್ನು ಕೊಂಬಿನ ಬುಡದಿಂದ ಮೇಲಕ್ಕೆ ಒಯ್ದರು.

"ಎಣ್ಣೆ ಹಾಳೆ," ಅಂದರು. "ಬಿಳಿ ಹಾಳೆಗೆ ಕೊಬ್ರಿ ಎಣ್ಣೆ ಸವರಿ, ಮೇಲಿಟ್ಟು, ಕೆಳಗೆ ಕಾಣೋ ಗೆರೆ ಮೇಲೇ ಬರ್ದಿದಾರೆ. ನನ್ನ ಕ್ಲಾಸಿನ ಮಕ್ಕಳೂ ಹಿಂಗೇ ಮಾಡ್ತಿದ್ವು." ಮತ್ತೆ ಬೆರಳಾಡಿಸಿದರು. "ಇದು ಒಂದು ಕೈ ಅಲ್ಲ."

"ಅಲ್ಲ ಮೇಡಂ. ಒತ್ತಿರೋದ್ರಲ್ಲೇ ವ್ಯತ್ಯಾಸ ಇದೆ. ಸುಮಾರು ಜನ."

ಅವರ ಕಣ್ಣು ತುಂಬಿತು. ನನ್ನದೂ ತುಂಬಿತು, ಮುಚ್ಚಿಡುವುದೇನು.

"ಆ ಪ್ರಕಾಶಕ ಯಾರಿಗೂ ಬೇಡ ಅಂದ, ನಾನೂ ನಂಬ್ಬಿಟ್ಟೆ ನೋಡು," ಅಂದರು. "ಇಷ್ಟು ಮಕ್ಳು ಕೂತ್ಕಂಡು ನನ್ನ ಗೆರೆ ಮೇಲೆ ಕೈ ತಿದ್ತಿದ್ವು. ನಾನು ಇಲ್ಲಿ ಒಲೆಗೆ ಹಾಕ್ತಿದ್ದೆ."

ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತರು.

"ಕೊನೇ ದರ್ಜೆ ಅಂತ್ಲೇ ಬರಿ. ಒಂದು ಮೆಟ್ಲೂ ಏರಿಸ್ಬೇಡ. ಯಾಕೆ ಅಂತಾನೂ ಬರಿ, ಎಲ್ರಿಗೂ ಕಾಣಂಗೆ."

ಅವರ ಎದುರಿನಲ್ಲೇ ಚೀಟಿ ಬರೆದೆ. ಅಕ್ಷರ ಸಣ್ಣದಾಯಿತು ಅಂತ ಹರಿದುಹಾಕಿ, ಇನ್ನೊಂದು ಬರೆಸಿದರು.