ಬಾಯ್ಲರಿನ ಸದ್ದಿಗೆ ಕೃಷ್ಣ ಕೊಟ್ಟ ಉಸಿರು

ಆಸ್ತಿಕ ಬಂಧುಗಳೇ, ಹೆಗಲು ನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ದಯವಿಟ್ಟು ನನಗೆ ಬರೆಯಬೇಡಿ. ಎಲ್ಲವನ್ನೂ ಹಚ್ಚಿ ನೋಡಿದ್ದೇನೆ.

ನಾನು ಮದರಾಸಿನ ಎಗ್ಮೋರಿನಲ್ಲಿ, ನಮ್ಮ ಉಡುಪಿ ಕಡೆಯವರ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. 1958ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನೀರಿನ ಬಾಯ್ಲರಿನ ಮುಚ್ಚಳ ಹಾರಿ, ಕುದಿನೀರು ನನ್ನ ಬಲ ಹೆಗಲ ಮೇಲೆ ಬಿತ್ತು. ಗಾಯವೇನೋ ಮಾಗಿತು. ನೋವು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಕೂತೇಬಿಟ್ಟಿತು. ಅದಕ್ಕಿಂತ ಕೆಟ್ಟದ್ದು ಹೆದರಿಕೆ. ಬಾಯ್ಲರು ಸುಯ್ಯೆಂದರೆ ಸಾಕು, ಎದೆ ಹೊಡೆದುಕೊಂಡು ಕೈಯಿಂದ ಸಟ್ಟುಗ ಜಾರುತ್ತಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ಬಾಯ್ಲರು ಇಡೀ ದಿನ ಸುಯ್ಯೆನ್ನುತ್ತದೆ.

ಉಪದೇಶಕ್ಕೇನೂ ಬರಗಾಲವಿರಲಿಲ್ಲ. ಒಬ್ಬರು ಎಣ್ಣೆ ತಂದರು, ಒಬ್ಬರು ತಾಯತ ಕಟ್ಟಿದರು. ಹಿಟ್ಟು ರುಬ್ಬುವವರು ಇದೆಲ್ಲ ಮೈಗಳ್ಳತನ ಎಂದು ನನಗೆ ಕೇಳುವ ಹಾಗೆಯೇ ಹೇಳಿದರು. ಧಣಿಗಳು ಒಳ್ಳೆಯವರು, ನನ್ನನ್ನು ಕಲ್ಲಿನಿಂದ ಬಿಡಿಸಿ ತರಕಾರಿ ಹೆಚ್ಚಲು ಕೂರಿಸಿದರು, ಆದರೆ ಅವರಿಗೂ ವ್ಯಾಪಾರ ನಡೆಯಬೇಕಲ್ಲ.

"ಭಟ್ರೇ, ನವರಾತ್ರಿ ತನಕ ನೋಡುತ್ತೇನೆ. ಆಮೇಲೆ ಊರಿನಿಂದ ಬೇರೆ ಜನ ಕರೆಸದೆ ನನಗೂ ಉಪಾಯ ಇಲ್ಲ," ಎಂದರು.

ದೋಸೆಕಲ್ಲು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಮಾಂಬಲದ ಒಂದು ಕೋಣೆಯ ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಉಡುಪಿ ಕೃಷ್ಣನ ಪಟದ ಮುಂದೆ ಬೆಲ್ಲದ ತುಲಾಭಾರ ಹರಕೆ ಹೊತ್ತೆ, ಕಣ್ಣೀರಿಟ್ಟೆ. ಕೊನೆಗೆ ಜಗಳವನ್ನೂ ಆಡಿದೆ. ಅವನು ಕೊಳಲು ಹಿಡಿದು ನಗುತ್ತಲೇ ಇದ್ದ.

ಸರ್ಕಾರಿ ಆಸ್ಪತ್ರೆಗೆ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಬಸ್ಸಿನ ಮೂತಿಯಿಂದ ಹಬೆ ಹಾರಿದ್ದೇ ತಡ, ಸ್ಟಾಪಿಗೂ ಕಾಯದೆ ಹಾರಿ ಇಳಿದು ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದೆ. ಸರದಿಯಲ್ಲಿ ಮಧ್ಯಾಹ್ನದ ತನಕ ಕಾದ ಮೇಲೆ ಡಾಕ್ಟರು ಮಾತ್ರೆ ಬರೆಯಲಿಲ್ಲ. ಸದ್ದು ಕೇಳಿದಾಗ ಮೂಗಿನಿಂದ ನಿಧಾನ ಉಸಿರೆಳೆದು, ತಡೆದು, ಇನ್ನೂ ನಿಧಾನ ಬಿಡಬೇಕಂತೆ. ದಿನಾ ಸ್ವಲ್ಪ ಹೊತ್ತು ಬಾಯ್ಲರಿನ ಹತ್ತಿರ ಕೂತು ಇದನ್ನೇ ಮಾಡಬೇಕಂತೆ. ಔಷಧಿಗೆ ಬಂದವನಿಗೆ ಉಸಿರಾಡಲು ಕಲಿಸುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮುಖ ನೋಡಿದ ಅವರಿಗೂ ಸಿಟ್ಟು ಬಂತು.

"ಪೂಣೂಲ್ ಪೋಟ್ಟಿರುಕ್ಕೀರೇ, ದಿನಮುಂ ಮೂಕ್ಕೈ ಪಿಡಿಕ್ಕಲಿಯಾ?" ಎಂದು ಜನಿವಾರದತ್ತ ಬೆರಳು ತೋರಿಸಿದರು. ಜನಿವಾರ ಹಾಕಿದವನು ದಿನಾ ಮೂಗು ಹಿಡಿಯುವುದಿಲ್ಲವೇ ಎಂದು.

ಹಿಡಿಯದೆ ಏನು? ಮೊದಲ ಲೋಕಲ್ ಟ್ರೈನು ತಪ್ಪಬಾರದಲ್ಲ. ನಮ್ಮ ಹೋಟೆಲಿನವರ ಸಂಧ್ಯಾವಂದನೆ ಎಂದರೆ ಮೂಗು ಮುಟ್ಟಿದ್ದು, ಬಿಟ್ಟದ್ದು, ಓಡಿದ್ದು. ಮರುದಿನ ಡಾಕ್ಟರ ಮೇಲಿನ ಸಿಟ್ಟಿಗೇ ಪ್ರಾಣಾಯಾಮದ ಮಂತ್ರವನ್ನು ಪೂರ್ತಿ ಹೇಳಿಕೊಂಡು ಉಸಿರು ತಡೆದೆ, ಮೆಲ್ಲಗೆ ಬಿಟ್ಟೆ. ಹೆಗಲು ಇಷ್ಟು ತಿಂಗಳು ಕಿವಿಯ ಹತ್ತಿರ ಏರಿಕೊಂಡಿತ್ತೆಂದು ಅದು ಕೆಳಗಿಳಿದಾಗಲೇ ನನಗೆ ಗೊತ್ತಾದದ್ದು. ಕಣ್ಣಲ್ಲಿ ನೀರು ಬಂತು.

"ಏನಿವತ್ತು, ಮಣೆಯಲ್ಲೇ ನಿದ್ದೆ ಬಂತಾ?" ಎಂದಳು ಹೆಂಡತಿ.

ಆಮೇಲೆ ದಿನಾ ಕೆಲಸಕ್ಕೆ ಮೊದಲು ಬಾಯ್ಲರಿನ ಪಕ್ಕ ಕೂತೆ. ಮೊದಮೊದಲು ಎದ್ದು ಓಡಿದ್ದೂ ಉಂಟು. ಎಲ್ಲರೂ ನಕ್ಕರು, ನಗಲಿ. ನವರಾತ್ರಿ ಬರುವ ಮೊದಲು ಒಂದು ಬೆಳಿಗ್ಗೆ ನಾನೇ ದೋಸೆಕಲ್ಲಿನ ಮುಂದೆ ನಿಂತೆ. ಹಿಟ್ಟು ಹೊಯ್ದಿದ್ದೆ, ಬಾಯ್ಲರು ಸುಯ್ಯೆಂದಿತು. ಉಸಿರೆಳೆದೆ, ತಡೆದೆ, ಕೃಷ್ಣಾ ಎಂದು ಬಿಟ್ಟೆ. ಸಟ್ಟುಗ ಕೈಯಲ್ಲೇ ಇತ್ತು. ಆ ದೋಸೆಯನ್ನು ಧಣಿಗಳು ನಿಂತಲ್ಲೇ ತಿಂದರು.

"ಅಂಚು ಸ್ವಲ್ಪ ಸೀದಿದೆ ಭಟ್ರೇ. ನಾಳೆಯಿಂದ ಬೇಗ ಬನ್ನಿ," ಎಂದರು.

ಚಳಿಗೆ ಹೆಗಲು ಈಗಲೂ ನೋಯುತ್ತದೆ. ಎಣ್ಣೆ ತಂದವರು ಎಣ್ಣೆಯಿಂದ ಗುಣವಾಯಿತು ಎನ್ನುತ್ತಾರೆ, ತಾಯತದವರು ತಾಯತದಿಂದ. ವಾದಿಸಿ ಸಾಕಾಗಿದೆ. ತುಲಾಭಾರವನ್ನು ಹೋದ ವರ್ಷ ಒಪ್ಪಿಸಿ ಬಂದೆ. ಉಪನಯನದ ದಿನವೇ ಕೃಷ್ಣ ನನಗೆ ಕೊಟ್ಟಿದ್ದ ಮದ್ದನ್ನು ನಾನು ಅವನೆದುರೇ ಕೂತು ಹೊಸದಾಗಿ ಬೇಡುತ್ತಿದ್ದೆ. ನನ್ನ ಬೇಜಾರು ಬಿಡಿ, ಅವನಿಗೆ ಎಷ್ಟು ಬೇಜಾರಾಗಿತ್ತೋ. ಆದರೂ ಕೈಬಿಡಲಿಲ್ಲ.